ಕಾಡಿನ ಆಮೆ ಮೈಬಿಸಿ ಕಾಯ್ದುಕೊಳ್ಳುವುದನ್ನು ನೋಡುವುದು ಹೇಗೆ

ನೆಲದ ಆಮೆಗೆ ಬೇಕಾದ ಬಿಸಿ ಬಿಸಿಲು ಮತ್ತು ನೆಲದಿಂದಲೇ ಬರಬೇಕು. ಮೈ ತಂಪಾಗಲು ಬೆವರೂ ಇಲ್ಲ. ಬಿಸಿ ಜಾಸ್ತಿಯಾದರೆ ಜಾಗ ಬದಲಿಸುವುದೇ ಅದರ ಮುಖ್ಯ ಉಪಾಯ. ಹಾಗಾಗಿ ನಾನು ಮೊದಲು ನೋಡುವುದು ಎರಡೇ: ಆಮೆ ಎಲ್ಲಿದೆ, ಹೇಗೆ ಕೂತಿದೆ.

ಬೆಳಗಿನ ಹೊತ್ತೇ ನನಗೆ ಎಲ್ಲಕ್ಕಿಂತ ಇಷ್ಟ. ಬಿಸಿಲು ಬೀಳುವ ಮೊದಲೇ ಹೋಗಿ. ಪೊದೆಯ ಪೂರ್ವದ ಅಂಚು, ಬಿಲದ ಬಾಯಿ, ಇವುಗಳ ಮೇಲೆ ಕಣ್ಣಿಡಿ. ಹೊರಗೆ ಬಂದ ಆಮೆ ಕತ್ತು ಕಾಲು ಚಾಚಿ ಸುಮ್ನೆ ಮಲಗಿದ್ದರೆ ಅದು ಮೈ ಕಾಯಿಸಿಕೊಳ್ಳುತ್ತಿದೆ. ಚಿಪ್ಪು ಬರೀ ಹೊದಿಕೆ ಅಲ್ಲ, ಅದರೊಳಗೆ ಜೀವಂತ ಮೂಳೆ ಇದೆ, ರಕ್ತ ಓಡುತ್ತದೆ. ಬಿಸಿ ಹೀರುವಾಗ ಮೈ ಹೊರಭಾಗಕ್ಕೆ ರಕ್ತ ಹೆಚ್ಚು ಹರಿಯುತ್ತದೆ, ತಣ್ಣಗಾಗುವಾಗ ಕಡಿಮೆಯಾಗುತ್ತದೆ. ಹಾಗಾಗಿ ಬೇಗ ಕಾಯ್ದು ನಿಧಾನವಾಗಿ ಆರುವುದು ಸಾಧ್ಯ. ಎಷ್ಟು ಚೆಂದದ ಏರ್ಪಾಡು ಅಲ್ವಾ! ಮೈ 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದರೆ ಎಷ್ಟೋ ಜಾತಿಯ ಆಮೆಗಳು ಎದ್ದು ಮೇಯಲು ಹೊರಡುತ್ತವೆ. ಮರಿಗಳು ಬೇಗ ಕಾಯುತ್ತವೆ, ದೊಡ್ಡವಕ್ಕೆ ಹೊತ್ತು ಬೇಕು.

ಈ ಹೊತ್ತಲ್ಲಿ ದೂರ ನಿಂತು ಬೈನಾಕ್ಯುಲರ್‌ನಲ್ಲಿ ನೋಡಿ. ನಿಮ್ಮ ನೆರಳು ಅದರ ಮೇಲೆ ಬೀಳಬಾರದು. ಹೆದರಿ ಒಳಗೆ ಹೋದರೆ ಅದರ ಬೆಳಗಿನ ಬಿಸಿಲು ಹಾಳು.

ಬಿಸಿಲೇರಿದ ಮೇಲೆ ನೆರಳಲ್ಲಿ ಹುಡುಕಿ. ಅಮೆರಿಕದ ಮೊಹಾವೆ ಮರುಭೂಮಿಯ ಆಮೆ ಬದುಕಿನ ನೂರಕ್ಕೆ ಸುಮಾರು 95 ಪಾಲು ಸಮಯವನ್ನು ನೆಲದಡಿಯಲ್ಲೇ ಕಳೆಯುತ್ತದೆ. ಫ್ಲೋರಿಡಾ ಕಡೆಯ ಗೋಫರ್ ಆಮೆಯ ಬಿಲ ಸಾಮಾನ್ಯವಾಗಿ 4.5 ಮೀಟರ್ ಉದ್ದ, 2 ಮೀಟರ್ ಆಳ. ಅಷ್ಟು ಆಳದಲ್ಲಿ ಹೊರಗಿನ ಬೇಗೆ ತಟ್ಟುವುದಿಲ್ಲ. ಹಿಂದೂ ಮಹಾಸಾಗರದ ಅಲ್ಡಾಬ್ರಾ ಹವಳದ್ವೀಪದ ದೈತ್ಯ ಆಮೆಗಳು ಮಧ್ಯಾಹ್ನ ಮರದಡಿ ಒತ್ತೊತ್ತಾಗಿ ಸೇರುತ್ತವೆ. ನೆರಳು ಸಿಗದೆ ಬಿಸಿಲಲ್ಲೇ ಸಿಕ್ಕಿಕೊಂಡವು ಸಾಯುವುದೂ ಉಂಟು. ಆಫ್ರಿಕಾದ ಸುಲ್ಕಾಟಾ ಆಮೆ ತೀರಾ ಬೇಯುವಾಗ ಜೊಲ್ಲು ಸುರಿಸಿ ಮುಂಗಾಲಿಗೆ ಸವರಿಕೊಳ್ಳುತ್ತದೆ. ಹಾಗೆ ಕಂಡರೆ ಹತ್ತಿರ ಹೋಗಲೇಬೇಡಿ.

ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ತನ್ನಿ, ಆದರೆ ಅದರ ಅಂಕಿಯನ್ನೇ ನಂಬಬೇಡಿ. ಅದು ತೋರಿಸುವುದು ಚಿಪ್ಪಿನ ಮೇಲ್ಮೈಯನ್ನು ಮಾತ್ರ. ಚಿಪ್ಪು ಸುಡುತ್ತಿದ್ದರೂ ಒಳಗಿನ ಮೈ ಇನ್ನೂ ತಣ್ಣಗಿರಬಹುದು. ಹೊತ್ತು, ಬಿಸಿಲೋ ನೆರಳೋ, ಕತ್ತು ಹೊರಗೋ ಒಳಗೋ, ಇಷ್ಟನ್ನು ಬರೆದುಕೊಂಡರೆ ಹೆಚ್ಚು ಪ್ರಯೋಜನ.

ಕೈಗೆತ್ತಿಕೊಂಡು ನೋಡುವ ಆಸೆ ಬೇಡ. ಮರುಭೂಮಿಯ ಆಮೆ ಮೂತ್ರಚೀಲದಲ್ಲಿ ನೀರು ಕೂಡಿಟ್ಟುಕೊಂಡಿರುತ್ತದೆ. ಎತ್ತಿದರೆ ಗಾಬರಿಯಲ್ಲಿ ಅದನ್ನು ಚೆಲ್ಲಿಬಿಡಬಹುದು. ಬರಗಾಲದಲ್ಲಿ ಆ ನೀರಿಲ್ಲದೆ ಅದು ಸಾಯಬಹುದು. ಬಿಲದ ಬಾಯಿಗೆ ಅಡ್ಡವಾಗಿಯೂ ನಿಲ್ಲಬೇಡಿ. ಬಿಸಿಲೇರಿದಾಗ ಅದು ಒಳಗೆ ಹೋಗಬೇಕಾದ ದಾರಿ ಅದೇ.