ಮನೆ ಕಂಪ್ಯೂಟರಿನಲ್ಲಿ ಆಫೀಸ್ ವಿಪಿಎನ್: ಯಾವ ರನ್‌ಟೈಮ್ ಬೇಕು, ಯಾವುದು ಬೇಡ

ಮನೆಯಿಂದ ಆಫೀಸ್ ನೆಟ್‌ವರ್ಕಿಗೆ ಸೇರಿಸುವ ವಿಪಿಎನ್ ಪ್ರೋಗ್ರಾಮು (ಕ್ಲೈಂಟ್) ಇನ್‌ಸ್ಟಾಲ್ ಆಗಿದೆ, ಆದರೆ ಐಕಾನ್ ಒತ್ತಿದರೆ ಯಾವುದೋ ಡಿಎಲ್‌ಎಲ್ ಫೈಲ್ ಸಿಗುತ್ತಿಲ್ಲ ಎಂಬ ಸಂದೇಶ ಬರುತ್ತದೆ. ಇದಕ್ಕೂ ಪಾಸ್‌ವರ್ಡಿಗೂ ಇಂಟರ್ನೆಟ್ಟಿಗೂ ಸಂಬಂಧವಿಲ್ಲ. ಕ್ಲೈಂಟ್ ನಡೆಯಲು ಬೇಕಾದ ರನ್‌ಟೈಮ್, ಅಂದರೆ ಇಂಥ ಸಿದ್ಧ ಫೈಲುಗಳ ಕಟ್ಟು, ನಿಮ್ಮ ವಿಂಡೋಸಿನಲ್ಲಿಲ್ಲ, ಅಷ್ಟೇ. ಆಫೀಸ್ ಲ್ಯಾಪ್‌ಟಾಪಿನಲ್ಲಿ ಐಟಿಯವರು ಇದನ್ನು ಮೊದಲೇ ಹಾಕಿರುತ್ತಾರೆ. ಮನೆ ಕಂಪ್ಯೂಟರಿನಲ್ಲಿ ನೀವೇ ಹಾಕಿಕೊಳ್ಳಬೇಕು. ಸಿಕ್ಕಿದ್ದನ್ನೆಲ್ಲ ಹಾಕುವ ಅಗತ್ಯವಿಲ್ಲ. ಸಂದೇಶದಲ್ಲಿರುವ ಹೆಸರನ್ನು ಓದಿ, ಅದನ್ನಷ್ಟೇ ಹಾಕಿ.

ಮೊದಲು ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್‌ಗೆ ಹೋಗಿ ‘ಸಿಸ್ಟಮ್ ಟೈಪ್’ ನೋಡಿ. ಅಲ್ಲಿ ಆರ್ಮ್ (ಇಂಟೆಲ್, ಎಎಂಡಿಗಿಂತ ಬೇರೆ ಬಗೆಯ ಪ್ರೊಸೆಸರ್) ಎಂದಿದ್ದರೆ ಇಲ್ಲೇ ನಿಲ್ಲಿ. ಹೆಚ್ಚಿನ ವಿಪಿಎನ್ ಕ್ಲೈಂಟುಗಳು ತಮ್ಮದೇ ನೆಟ್‌ವರ್ಕ್ ಡ್ರೈವರ್ ಹಾಕುತ್ತವೆ. ಮಾಮೂಲಿ ಪ್ರೋಗ್ರಾಮುಗಳನ್ನು ಆರ್ಮ್ ವಿಂಡೋಸ್ ಎಮ್ಯುಲೇಶನ್ನಿನಲ್ಲಿ (ಬೇರೆ ಪ್ರೊಸೆಸರನ್ನು ಅನುಕರಿಸಿ) ಓಡಿಸಬಲ್ಲದು, ಡ್ರೈವರನ್ನು ಓಡಿಸಲಾರದು. ಐಟಿಯವರ ಬಳಿ ಆರ್ಮ್64 ಕ್ಲೈಂಟ್ ಕೇಳಿ ಪಡೆಯುವುದೊಂದೇ ದಾರಿ.

ಅತಿ ಹೆಚ್ಚು ಕಾಡುವುದು ವಿಶುವಲ್ ಸಿ++ ರೀಡಿಸ್ಟ್ರಿಬ್ಯೂಟಬಲ್ ಎಂಬ ಮೈಕ್ರೋಸಾಫ್ಟ್ ರನ್‌ಟೈಮ್. ಸಿಗದ ಡಿಎಲ್‌ಎಲ್ ಫೈಲಿನ ಹೆಸರಿನಲ್ಲಿರುವ ಅಂಕಿಯೇ ಆವೃತ್ತಿಯನ್ನು ಹೇಳುತ್ತದೆ: ಎಂಎಸ್‌ವಿಸಿಆರ್100 ಎಂದರೆ 2010ರದು, 110 ಎಂದರೆ 2012, 120 ಎಂದರೆ 2013. ವಿಸಿರನ್‌ಟೈಮ್140 ಅಥವಾ ಎಂಎಸ್‌ವಿಸಿಪಿ140 ಎಂದಿದ್ದರೆ 2015ರಿಂದ ಈಚಿನದು. ಅದಕ್ಕೆಲ್ಲ ಒಂದೇ ಪ್ಯಾಕೇಜ್ ಸಾಕು. ಆದರೆ ಹಳೆಯ 2010ರ ಬದಲಿಗೆ ಹೊಸದನ್ನು ಹಾಕಿದರೆ ನಡೆಯುವುದಿಲ್ಲ.

ಎಡವುವುದು ಇಲ್ಲಿಯೇ: 64 ಬಿಟ್ ವಿಂಡೋಸ್ ಇದ್ದರೂ ಕ್ಲೈಂಟ್ 32 ಬಿಟ್ಟಿನದಾಗಿರಬಹುದು. ಆಗ ಎಕ್ಸ್64 (64 ಬಿಟ್) ಪ್ಯಾಕೇಜ್ ಹಾಕಿದರೂ ಅದೇ ದೂರು ಮತ್ತೆ ಬರುತ್ತದೆ. ಅದಕ್ಕೇ ಎಕ್ಸ್86 (32 ಬಿಟ್), ಎಕ್ಸ್64 ಎರಡನ್ನೂ ಮೈಕ್ರೋಸಾಫ್ಟ್ ತಾಣದಿಂದ ಇಳಿಸಿ, ಅಡ್ಮಿನಿಸ್ಟ್ರೇಟರ್ ಆಗಿ ಹಾಕಿ, ರೀಸ್ಟಾರ್ಟ್ ಮಾಡಿ. ‘ಡಿಎಲ್‌ಎಲ್ ಉಚಿತ ಡೌನ್‌ಲೋಡ್’ ಎನ್ನುವ ತಾಣಗಳಿಂದ ಒಂಟಿ ಫೈಲ್ ತಂದು ಸಿಸ್ಟಮ್32ಗೆ ಹಾಕಬೇಡಿ. ಮಾಲ್‌ವೇರ್ ಅಪಾಯ ಹಾಗಿರಲಿ, ಹೆಸರು 32 ಎಂದಿದ್ದರೂ ಆ ಫೋಲ್ಡರ್ 64 ಬಿಟ್ ಫೈಲುಗಳದು. 32 ಬಿಟ್ಟಿನವು ಇರುವುದು ಸಿಸ್‌ವೌ64ರಲ್ಲಿ! ಅದಲುಬದಲಾದರೆ ಸಿ000007ಬಿ ಎಂದು ಕೊನೆಗೊಳ್ಳುವ ಎರರ್ ಬರುತ್ತದೆ. ಇನ್ನು 80070666 ಎಂಬ ಸಂಖ್ಯೆ ಕಂಡರೆ ಗಾಬರಿ ಬೇಡ. ಅದಕ್ಕಿಂತ ಹೊಸ ಆವೃತ್ತಿ ಆಗಲೇ ಇದೆ ಎಂದರ್ಥ.

ಮುಂದೆ ಡಾಟ್‌ನೆಟ್, ಮೈಕ್ರೋಸಾಫ್ಟಿನ ಇನ್ನೊಂದು ರನ್‌ಟೈಮ್. 4.8 ಆವೃತ್ತಿ ವಿಂಡೋಸ್ 11ರ ಜೊತೆಗೇ ಬರುತ್ತದೆ. ಹಳೆಯ ಕ್ಲೈಂಟ್ 3.5 ಕೇಳಿದರೆ ಅದನ್ನು ಬೇರೆಯಾಗಿ ಆನ್ ಮಾಡಬೇಕು: ವಿಂಡೋಸ್ 10ರಲ್ಲಿ ಸ್ಟಾರ್ಟ್ ಮೆನುವಿನಲ್ಲಿ ‘ಟರ್ನ್ ವಿಂಡೋಸ್ ಫೀಚರ್ಸ್ ಆನ್ ಆರ್ ಆಫ್’ ಹುಡುಕಿ, ಡಾಟ್‌ನೆಟ್ ಫ್ರೇಮ್‌ವರ್ಕ್ 3.5ಕ್ಕೆ ಟಿಕ್ ಹಾಕಿ. ಫೈಲುಗಳು ವಿಂಡೋಸ್ ಅಪ್‌ಡೇಟ್ ಮೂಲಕವೇ ಬರುವುದರಿಂದ ಅಪ್‌ಡೇಟ್ ನಿಲ್ಲಿಸಿಟ್ಟ ಯಂತ್ರದಲ್ಲಿ ಇದು ಕೈಕೊಡುತ್ತದೆ.

ಸಂದೇಶದಲ್ಲಿ ‘ಡಾಟ್‌ನೆಟ್ 8 ಡೆಸ್ಕ್‌ಟಾಪ್ ರನ್‌ಟೈಮ್’ ಎಂದಿದ್ದರೆ ಅದು ಬೇರೆಯದೇ ಸರಕು. ಬರೀ ‘ರನ್‌ಟೈಮ್’ ಹಾಕಿದರೆ ವಿಂಡೋ ಇರುವ ಪ್ರೋಗ್ರಾಮು ಏಳುವುದಿಲ್ಲ, ಪ್ರೋಗ್ರಾಮು ಬರೆಯುವವರ ‘ಎಸ್‌ಡಿಕೆ’ ನಿಮಗೆ ಬೇಕಾಗಿಲ್ಲ. 6 ಕೇಳುವ ಪ್ರೋಗ್ರಾಮಿಗೆ ಸಾಮಾನ್ಯವಾಗಿ 8 ಸಾಲದು. 6ಕ್ಕೆ 2024ರ ನವೆಂಬರಿನಲ್ಲೇ ಮೈಕ್ರೋಸಾಫ್ಟ್ ಬೆಂಬಲ ಮುಗಿದಿದೆ, ಆದ್ದರಿಂದ ಹೊಸ ಕ್ಲೈಂಟ್ ಇದೆಯೇ ಎಂದು ಮೊದಲು ಕೇಳಿ.

ಕ್ಲೈಂಟ್ ತೆರೆಯುತ್ತದೆ, ಲಾಗಿನ್ ಜಾಗದಲ್ಲಿ ಮಾತ್ರ ಬಿಳಿ ಪರದೆ? ಪ್ರೋಗ್ರಾಮಿನೊಳಗೆ ವೆಬ್ ಪುಟ ತೋರಿಸುವ ವೆಬ್‌ವ್ಯೂ2 ರನ್‌ಟೈಮ್ ಪರೀಕ್ಷಿಸಿ. ವಿಂಡೋಸ್ 11ರಲ್ಲಿ ಇದ್ದೇ ಇರುತ್ತದೆ, ಹಳೆಯ ವಿಂಡೋಸ್ 10ರಲ್ಲಿ ಇಲ್ಲದಿರಬಹುದು. ‘ಎವರ್‌ಗ್ರೀನ್’ ಎಂಬುದನ್ನೇ ಆರಿಸಿ. ಅದು ತಾನೇ ಅಪ್‌ಡೇಟ್ ಆಗುತ್ತಿರುತ್ತದೆ. ಕಂಪ್ಯೂಟರಿನ ಗಡಿಯಾರವನ್ನೂ ನೋಡಿಬಿಡಿ. ತಾರೀಖು ತಪ್ಪಿದ್ದರೆ ಸರ್ಟಿಫಿಕೇಟ್ ಒಪ್ಪಿಗೆಯಾಗದು.

ಉಳಿದದ್ದು ಜಾವಾ. ಬ್ರೌಸರಿನೊಳಗಿನ ಜಾವಾ ಪ್ಲಗಿನ್ನನ್ನು ಕ್ರೋಮ್ 2015ರಲ್ಲಿ, ಫೈರ್‌ಫಾಕ್ಸ್ 2017ರಲ್ಲಿ ಕೈಬಿಟ್ಟವು. ಅದನ್ನೇ ನಂಬಿದ ಗೇಟ್‌ವೇಗೆ (ಆಫೀಸ್ ವಿಪಿಎನ್ನಿನ ಪ್ರವೇಶ ತಾಣಕ್ಕೆ) ಈಗ ಯಾವ ಜಾವಾ ಹಾಕಿದರೂ ಆ ಬ್ರೌಸರುಗಳಲ್ಲಿ ನಡೆಯದು. ಜೆಎನ್‌ಎಲ್‌ಪಿ ಫೈಲ್ (ಜಾವಾ ಪ್ರೋಗ್ರಾಮನ್ನು ಬ್ರೌಸರಿನ ಹೊರಗೆ ತೆರೆಯುವಂಥದು) ಇಳಿಸಿಕೊಡುವ ಗೇಟ್‌ವೇಗಳಿಗೆ ಉಪಾಯವಿದೆ: ಜಾವಾ 8 ಹಾಕಿ. ಆ ಫೈಲನ್ನು ಓಡಿಸುವ ವೆಬ್ ಸ್ಟಾರ್ಟನ್ನು ಜಾವಾ 11ರಿಂದ ತೆಗೆದುಹಾಕಿದ್ದಾರೆ. 2019ರ ಏಪ್ರಿಲ್ ನಂತರದ ಒರಾಕಲ್ ಜಾವಾ 8 ಅಪ್‌ಡೇಟುಗಳು ಸ್ವಂತ ಬಳಕೆಗೆ ಮಾತ್ರ ಉಚಿತ, ಹಾಗಾಗಿ ಆಫೀಸ್ ಕೆಲಸಕ್ಕೆ ಲೈಸೆನ್ಸ್ ವಿಚಾರವನ್ನು ಐಟಿಯವರೇ ಹೇಳಬೇಕು. ಉಚಿತ ಜಾವಾ ಆದ ಟೆಮುರಿನ್ 8ರ ಜೊತೆ ವೆಬ್ ಸ್ಟಾರ್ಟಿನ ಬದಲಿಯಾದ ಓಪನ್‌ವೆಬ್‌ಸ್ಟಾರ್ಟ್ ಹಾಕಿಕೊಳ್ಳುವುದು ಖರ್ಚಿಲ್ಲದ ದಾರಿ. ಒರಾಕಲ್ ಜಾವಾ ಗೇಟ್‌ವೇಯನ್ನು ತಡೆದರೆ ಜಾವಾ ಕಂಟ್ರೋಲ್ ಪ್ಯಾನೆಲ್ಲಿನ ಸೆಕ್ಯುರಿಟಿ ಟ್ಯಾಬಿನಲ್ಲಿ ಆ ಒಂದು ವಿಳಾಸವನ್ನಷ್ಟೇ ‘ಎಕ್ಸೆಪ್ಶನ್ ಸೈಟ್ ಲಿಸ್ಟ್’ಗೆ ಸೇರಿಸಿ.

ಏನೂ ಹೇಳದೆ ಕ್ಲೈಂಟ್ ಮುಚ್ಚಿಹೋದರೆ ಈವೆಂಟ್ ವ್ಯೂಅರ್ ತೆರೆದು, ವಿಂಡೋಸ್ ಲಾಗ್ಸ್ ಅಡಿಯ ‘ಅಪ್ಲಿಕೇಶನ್’ ನೋಡಿ. ‘ಸೈಡ್‌ಬೈಸೈಡ್’ ಎಂದಿದ್ದರೆ ಸಾಮಾನ್ಯವಾಗಿ 2005 ಅಥವಾ 2008ರ ಸಿ++ ಇಲ್ಲ. ‘ಡಾಟ್‌ನೆಟ್ ರನ್‌ಟೈಮ್’ ಎಂದಿದ್ದರೆ ಕೆಳಗಿನ ವಿವರ ಓದಿ. ವಿಪಿಎನ್ ಕನೆಕ್ಟ್ ಆದಮೇಲೂ ಆಫೀಸಿನ ತಾಣ ತೆರೆಯದಿದ್ದರೆ ಅದು ತಾಣದ ವಿಳಾಸ ಅಥವಾ ದಾರಿ ಸಿಗದ (ಡಿಎನ್‌ಎಸ್ ಅಥವಾ ರೂಟಿಂಗ್) ತೊಡಕು, ರನ್‌ಟೈಮುಗಳನ್ನು ಮುಟ್ಟಬೇಡಿ. ಇನ್‌ಸ್ಟಾಲ್ ಆದ ಪ್ರೋಗ್ರಾಮುಗಳ ಪಟ್ಟಿಯಲ್ಲಿ ಏಳೆಂಟು ವಿಶುವಲ್ ಸಿ++ ಕಂಡವೆಂದು ಹಳೆಯವನ್ನು ತೆಗೆದುಹಾಕಲೂ ಹೋಗಬೇಡಿ; ಬೇರೆ ಪ್ರೋಗ್ರಾಮುಗಳು ಅವುಗಳ ಮೇಲೆಯೇ ನಿಂತಿರುತ್ತವೆ.