ಯೂರಿಯಾ ಚೀಲದೊಳಗಿನ ಹೈಡ್ರೋಜನ್: ಒಬ್ಬ ತೋಟದ ರೈಟರ್ ಮಾಡಿದ ಲೆಕ್ಕ

ನಾನು ಕೊಡಗಿನ ಸಿದ್ದಾಪುರದ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್. ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ) ಬರೆಯುವುದು, ಗೊಬ್ಬರದ ದಾಸ್ತಾನು ನೋಡುವುದು, ಡೀಸೆಲ್ ಲೆಕ್ಕ ಇಡುವುದು ನನ್ನ ಕೆಲಸ. ಮೂರು ವರ್ಷದ ಹಿಂದೆ ನಮ್ಮ ಕಾಫಿ ಕೊಳ್ಳುವ ರಫ್ತುದಾರರು ಒಂದು ಫಾರಂ ಕಳಿಸಿದರು. ಒಂದು ಕಿಲೋ ಕಾಫಿ ಬೆಳೆಯುವಾಗ ಎಷ್ಟು ಇಂಗಾಲ ಗಾಳಿಗೆ ಹೋಗುತ್ತದೆ ಅಂತ ಅದರಲ್ಲಿ ಕೇಳಿದ್ದರು. ಸಾಹುಕಾರ್ರು ಅದನ್ನು ನನ್ನ ಮೇಜಿನ ಮೇಲಿಟ್ಟು, "ಪುಸ್ತಕ ಎಲ್ಲ ನಿಮ್ಮ ಹತ್ತಿರವೇ ಇದೆಯಲ್ಲ, ನೀವೇ ಬರೀರಿ" ಅಂದರು.

ಡೀಸೆಲಿನಿಂದ ಶುರು ಮಾಡಿದೆ, ಅದು ಸುಲಭ ಅಂತ. ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ ಕೈಕೊಟ್ಟರೆ ಕೆರೆಯ ನೀರನ್ನು ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್‌ನಲ್ಲಿ ಹೊಡೆಯುತ್ತೇವೆ. ಎಂಜಿನ್ ರಾತ್ರಿಯೂ ನಿಲ್ಲುವುದಿಲ್ಲ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಗೆ ಬರುತ್ತದೆ. ಇದನ್ನು ಮೇಸ್ತ್ರಿಗೆ ಹೇಳಿದಾಗ ಅವರು ನಂಬಲಿಲ್ಲ.

"ರೈಟರೇ, ಒಂದು ಲೀಟರ್ ಡೀಸೆಲ್ ಒಂದು ಕಿಲೋನೂ ತೂಗೋದಿಲ್ಲ. ಹೊಗೆ ಮಾತ್ರ 2.7 ಕಿಲೋ ಹೇಗೆ ಬರ್ತದೆ?"

ಒಳ್ಳೆಯ ಪ್ರಶ್ನೆ ಅಲ್ವಾ? ಡೀಸೆಲಿನಿಂದ ಬರುವುದು ಇಂಗಾಲ ಮಾತ್ರ. ಅದಕ್ಕೆ ಅಂಟಿಕೊಳ್ಳುವ ಆಮ್ಲಜನಕ ಗಾಳಿಯದ್ದು. ತೂಕದ ಹೆಚ್ಚಿನ ಪಾಲು ಆ ಆಮ್ಲಜನಕದ್ದೇ. ಇದನ್ನು ಮೇಸ್ತ್ರಿಗೆ ಬಿಡಿಸಿ ಹೇಳುವಾಗಲೇ ನನಗೂ ಸರಿಯಾಗಿ ಅರ್ಥವಾಯಿತು. ಆಮೇಲೆ ಅವರೇ ಕ್ಯಾನ್ ಅಳೆದು, ದಿನ ಹಾಕಿ ಚೀಟಿ ಕೊಡತೊಡಗಿದರು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮೋಟರಿನ ಕರೆಂಟು ಬಿಲ್ಲಿನಲ್ಲೇ ಇತ್ತು. ಅದಕ್ಕೆ ಒಂದು ಸಂಜೆ ಸಾಕಾಯಿತು.

ಸಿಕ್ಕಿಬಿದ್ದದ್ದು ಗೊಬ್ಬರದಲ್ಲಿ.

ಯೂರಿಯಾ ಚೀಲವನ್ನು ನಾನು ಅಲ್ಲಿಯವರೆಗೆ ಖರ್ಚು ಅಂತ ಮಾತ್ರ ನೋಡಿದ್ದೆ. 45 ಕಿಲೋ, 266 ರೂಪಾಯಿ 50 ಪೈಸೆ, ಅಷ್ಟೇ. ಅದರ ಹಿಂದೆ ಹೋದಾಗ ಬೇರೆಯೇ ಒಂದು ಲೆಕ್ಕ ಕಂಡಿತು. ಯೂರಿಯಾದಲ್ಲಿ ಶೇ. 46 ಸಾರಜನಕ. ಒಂದು ಚೀಲಕ್ಕೆ ಸುಮಾರು 25 ಕಿಲೋ ಅಮೋನಿಯ ಬೇಕು. ಅಷ್ಟು ಅಮೋನಿಯದೊಳಗೆ ನಾಲ್ಕೂವರೆ ಕಿಲೋ ಹೈಡ್ರೋಜನ್ ಇರುತ್ತದೆ. ಹೈಡ್ರೋಜನ್ ಮುಂದೆ ಯಾವತ್ತೋ ಬರುವ ಇಂಧನ ಅಂತ ಪೇಪರಿನಲ್ಲಿ ಓದಿದ್ದೆ. ಅದು ನಮ್ಮ ಸ್ಟೋರಿನ ಮೂಲೆಯಲ್ಲಿ, ಹಲಗೆಯ ಮೇಲೆ, ಎಷ್ಟೋ ವರ್ಷದಿಂದ ಕೂತಿತ್ತು!

ಈ ಹೈಡ್ರೋಜನನ್ನು ಕಾರ್ಖಾನೆಗಳು ನೈಸರ್ಗಿಕ ಅನಿಲದಿಂದ ತೆಗೆಯುತ್ತವೆ. ಮಂಗಳೂರಿನ ಪಣಂಬೂರಿನ ಗೊಬ್ಬರ ಕಾರ್ಖಾನೆ ಮೊದಲು ನಾಫ್ತಾ ಎಂಬ ಪೆಟ್ರೋಲಿಯಂ ಎಣ್ಣೆಯಿಂದ ತೆಗೆಯುತ್ತಿತ್ತು, ಈಗ ಅನಿಲಕ್ಕೆ ಬದಲಾಗಿದೆ. 2021ರ ಜನವರಿಯಲ್ಲಿ ಕೊಚ್ಚಿ-ಮಂಗಳೂರು ಪೈಪ್‌ಲೈನ್ ಉದ್ಘಾಟನೆಯಾಯಿತಲ್ಲ, ಆ ಅನಿಲವೇ. ಅನಿಲದಿಂದ ಒಂದು ಕಿಲೋ ಹೈಡ್ರೋಜನ್ ತೆಗೆದರೆ 9ರಿಂದ 10 ಕಿಲೋ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಅಂದರೆ ನಾಲ್ಕೂವರೆ ಕಿಲೋಗೆ 40 ಕಿಲೋ ದಾಟುತ್ತದೆ. ಚೀಲದ ತೂಕದಷ್ಟೇ, ಹೆಚ್ಚುಕಮ್ಮಿ.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಯೂರಿಯಾ ಆಗಬೇಕಾದರೆ ಅಮೋನಿಯದ ಜೊತೆ ಇಂಗಾಲದ ಡೈಆಕ್ಸೈಡ್ ಕೂಡ ಸೇರಬೇಕು. ಕಾರ್ಖಾನೆ ತನ್ನಲ್ಲೇ ಹುಟ್ಟಿದ ಗ್ಯಾಸನ್ನು ಹಿಡಿದು ಅದಕ್ಕೆ ಸೇರಿಸುತ್ತದೆ. ಒಂದು ಚೀಲದಲ್ಲಿ ಹೀಗೆ 33 ಕಿಲೋ ಅಡಗಿರುತ್ತದೆ. ನಾವು ಗಿಡದ ಬುಡಕ್ಕೆ ಹಾಕಿದ ಕೆಲವು ದಿನಗಳಲ್ಲೇ ಮಣ್ಣಿನಲ್ಲಿ ಯೂರಿಯಾ ಒಡೆದು ಅದು ಗಾಳಿಗೆ ಹೋಗುತ್ತದೆ. ನಾನು ಕಾರ್ಖಾನೆಯ 40 ಮತ್ತು ತೋಟದ 33 ಎರಡನ್ನೂ ಕೂಡಿಸಿ ಫಾರಂ ಕಳಿಸಿಬಿಟ್ಟೆ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವ ಪರಿಚಯದವರೊಬ್ಬರು ನೋಡಿ, "ಈ 33 ಆ 40ರೊಳಗಿನದೇ ಅಲ್ವಾ?" ಅಂದರು. ನಿಜ, ಒಂದೇ ಇಂಗಾಲವನ್ನು ಎರಡು ಸಲ ಎಣಿಸಿದ್ದೆ. ತಿದ್ದಿ ಮತ್ತೆ ಕಳಿಸಿದೆ. ಇಂಗಾಲ ಹಿಡಿಯುವ ಯೋಜನೆಗಳ ಸುದ್ದಿ ಓದುವಾಗ ಈಗ ನಾನು ಮೊದಲು ಕೇಳುವುದು ಇದನ್ನೇ: ಹಿಡಿದದ್ದು ಎಲ್ಲಿಗೆ ಹೋಯಿತು? ಭೂಮಿಯಡಿಯ ಬಂಡೆಯೊಳಗೋ, ಅಥವಾ ನಮ್ಮ ಚೀಲದ ಹಾಗೆ ನಾಲ್ಕು ದಿನ ತಡವಾಗಿ ಗಾಳಿಗೋ?

ಇನ್ನೊಂದು ವಿಷಯ ನನ್ನ ನಿದ್ದೆ ಕೆಡಿಸಿತು. ಹಾಕಿದ ಸಾರಜನಕದಲ್ಲಿ ನೂರರಲ್ಲಿ ಒಂದು ಪಾಲು ನೈಟ್ರಸ್ ಆಕ್ಸೈಡ್ ಆಗಿ ಹೋಗುತ್ತದೆ ಅಂತ ವಿಶ್ವಸಂಸ್ಥೆಯ ಹವಾಮಾನ ತಜ್ಞರ ಸಮಿತಿ ಐಪಿಸಿಸಿಯ ಸಾಮಾನ್ಯ ಲೆಕ್ಕ. ಒಂದು ಚೀಲಕ್ಕೆ ಅದು 300 ಗ್ರಾಂ ಚಿಲ್ಲರೆ. ಆದರೆ ಈ ಅನಿಲ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ 273 ಪಟ್ಟು ಜೋರು. ಗುಣಿಸಿದರೆ ಚೀಲಕ್ಕೆ 85 ಕಿಲೋಗೂ ಜಾಸ್ತಿ. ಕಾರ್ಖಾನೆಯಲ್ಲಿ ಹುಟ್ಟಿದ್ದಕ್ಕಿಂತ ದುಪ್ಪಟ್ಟು ನಮ್ಮ ಕೈಯಿಂದಲೇ ಹೋಗುತ್ತಿತ್ತು.

ಆ ಆಗಸ್ಟ್‌ನಲ್ಲಿ ಎರಡು ದಿನ ಬಿಸಿಲು ಬಂತು ಅಂತ ಗೊಬ್ಬರ ಹಾಕಿಸಿದ್ದೆವು. ಅದೇ ರಾತ್ರಿ ಮಳೆಮಾಪಕದಲ್ಲಿ 4 ಇಂಚು 20 ಸೆಂಟು. ಬೆಳಿಗ್ಗೆ ಹೋಗಿ ನೋಡಿದರೆ ಗಿಡದ ಬುಡದ ತರಗು ಪೂರ್ತಿ ಹಳ್ಳದ ಬದಿಗೆ ಬಂದು ನಿಂತಿತ್ತು. ಮೇಸ್ತ್ರಿ ಒಂದು ಮಾತೂ ಆಡಲಿಲ್ಲ. ಈಗ ನಾವು ಮಣ್ಣು ಪರೀಕ್ಷೆ ಮಾಡಿಸದೆ ಯೂರಿಯಾ ತರಿಸುವುದಿಲ್ಲ. ಒಂದೇ ಸಲ ಸುರಿಯುವ ಬದಲು ಸ್ವಲ್ಪ ಸ್ವಲ್ಪವಾಗಿ ಹಾಕುತ್ತೇವೆ, ತರಗನ್ನು ಸರಿಸಿ ಹಾಕಿ ಮತ್ತೆ ಮುಚ್ಚುತ್ತೇವೆ. ಆಳು ಜಾಸ್ತಿ ಬೇಕು, ಸಾಹುಕಾರ್ರಿಗೆ ಮೊದಲು ಬೇಸರವಾಯಿತು. ಚೀಲ ಕಡಿಮೆಯಾದದ್ದು ಕಂಡ ಮೇಲೆ ಒಪ್ಪಿದರು.

ಒಂದು ವಿಷಯದಲ್ಲಿ ಮಾತ್ರ ನಾನು ಅವರಿಗೆ ಎದುರು ಮಾತಾಡಿದೆ. ತೋಟದ ನೆರಳಿನ ಮರಗಳನ್ನೆಲ್ಲ ಎಣಿಸಿ, ಅವು ಹೀರುವ ಇಂಗಾಲವನ್ನು ಕಳೆದುಬಿಡಿ ಅಂದರು. ಮತ್ತಿ, ಹಲಸು, ಅತ್ತಿ ಅವರ ತಾತನ ಕಾಲದಿಂದ ನಿಂತಿವೆ. ಅವು ಇರುವುದು ದೊಡ್ಡ ವಿಷಯ, ಕಾಪಾಡಲೇಬೇಕು. ಆದರೆ ಈ ವರ್ಷ ನಾವು ಸುಟ್ಟ ಡೀಸೆಲಿಗೆ ಅವುಗಳನ್ನು ಲೆಕ್ಕಕ್ಕೆ ಹಿಡಿಯುವುದು ಸರಿಯಲ್ಲ. ಸಿಲ್ವರ್ ಓಕ್ ಅಂತೂ ರೇಟು ಬಂದಾಗ ಕಡಿಯುತ್ತೇವೆ. ಅದನ್ನು ಉಳಿತಾಯ ಅಂತ ಬರೆಯಲು ನನಗೆ ಮನಸ್ಸು ಬರಲಿಲ್ಲ.

ಹೈಡ್ರೋಜನ್ನಿನಿಂದ ಪಂಪು ಓಡಿಸಬಹುದಾ ಅಂತ ಅಕ್ಕಪಕ್ಕದ ತೋಟದವರು ಕೇಳುತ್ತಾರೆ. ನಾನು ಲೆಕ್ಕ ತೋರಿಸುತ್ತೇನೆ. ನೀರನ್ನು ಒಡೆದು ಒಂದು ಕಿಲೋ ಹೈಡ್ರೋಜನ್ ತೆಗೆಯಲು 50ರಿಂದ 55 ಯೂನಿಟ್ ಕರೆಂಟು ಬೇಕು. ಅದರೊಳಗೆ ಸಿಗುವ ಶಕ್ತಿ 33 ಯೂನಿಟ್. ಎಂಜಿನ್‌ಗೆ ಹಾಕಿದರೆ ಅದರಲ್ಲೂ ಅರ್ಧಕ್ಕಿಂತ ಜಾಸ್ತಿ ಬಿಸಿಯಾಗಿ ಹೋಗುತ್ತದೆ. ಅಷ್ಟು ಕರೆಂಟು ಇದ್ದರೆ ಸುಮ್ನೆ ಮೋಟರ್‌ಗೇ ಕೊಡಬಹುದು. ಹೈಡ್ರೋಜನ್ ಬೇಕಾದದ್ದು ಅದಿಲ್ಲದೆ ಕೆಲಸವೇ ಆಗದ ಕಡೆ. ಗೊಬ್ಬರ, ತೈಲ ಶುದ್ಧೀಕರಣ, ಉಕ್ಕು ಅಂಥವು.

ಹಾಗಾಗಿ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್ ನಮಗೂ ಸಂಬಂಧಪಟ್ಟದ್ದು ಅಂತ ನಾನು ಹೇಳುವುದು. 2023ರ ಜನವರಿಯಲ್ಲಿ ಕೇಂದ್ರ ಸಂಪುಟ ಅದಕ್ಕೆ 19,744 ಕೋಟಿ ರೂಪಾಯಿ ಒಪ್ಪಿತು. 2030ಕ್ಕೆ ವರ್ಷಕ್ಕೆ 50 ಲಕ್ಷ ಟನ್ ತಯಾರಿಸುವ ಗುರಿ. ಒಂದು ಕಿಲೋ ಹೈಡ್ರೋಜನ್‌ಗೆ 2 ಕಿಲೋ ಇಂಗಾಲದ ಡೈಆಕ್ಸೈಡ್ ದಾಟದಿದ್ದರೆ ಮಾತ್ರ ಅದು ಹಸಿರು. ನಮ್ಮ ಚೀಲದ ನಾಲ್ಕೂವರೆ ಕಿಲೋಗೆ ಹಿಡಿದರೆ 40 ಹೋಗಿ 9 ಆಗುತ್ತದೆ. 2025ರಲ್ಲಿ ಗೊಬ್ಬರ ಕಾರ್ಖಾನೆಗಳಿಗೆ ಹಸಿರು ಅಮೋನಿಯ (ಹಸಿರು ಹೈಡ್ರೋಜನ್ನಿನಿಂದ ಮಾಡಿದ್ದು) ಪೂರೈಸುವ ಹರಾಜು ನಡೆಯಿತು. ಮೊದಲನೆಯದರಲ್ಲಿ, ಒಡಿಶಾದ ಪಾರಾದೀಪಕ್ಕೆ, ಕಿಲೋಗೆ 55 ರೂಪಾಯಿ 75 ಪೈಸೆಗೆ ಬಂತು.

ಆದರೆ ಯೂರಿಯಾದಲ್ಲೇ ಒಂದು ಗಂಟಿದೆ. ಅನಿಲ ಬಿಟ್ಟು ನೀರಿನಿಂದ ಹೈಡ್ರೋಜನ್ ತೆಗೆದರೆ, ಚೀಲಕ್ಕೆ ಸೇರಿಸುವ ಆ 33 ಕಿಲೋ ಇಂಗಾಲದ ಡೈಆಕ್ಸೈಡ್ ಎಲ್ಲಿಂದ ತರುವುದು? ಅದಕ್ಕೇ ಹಸಿರು ಅಮೋನಿಯ ಡಿಎಪಿ, ಕಾಂಪ್ಲೆಕ್ಸ್ ಗೊಬ್ಬರಗಳಿಗೆ ಸುಲಭವಾಗಿ ಹೊಂದುತ್ತದೆ, ಯೂರಿಯಾಗೆ ಅಷ್ಟು ಬೇಗ ಹೊಂದುವುದಿಲ್ಲ. ಯುರೋಪು ತನ್ನ ಗಡಿಯಲ್ಲಿ ಹಾಕುವ ಇಂಗಾಲದ ಸುಂಕದ ಪಟ್ಟಿಯಲ್ಲಿ ಗೊಬ್ಬರವೂ ಇದೆ, ಹೈಡ್ರೋಜನ್ನೂ ಇದೆ. ಕಾಫಿ ಇಲ್ಲ. ಆದರೆ ಕೊಳ್ಳುವವರು ಫಾರಂ ಕಳಿಸುವುದನ್ನು ನಿಲ್ಲಿಸಿಲ್ಲ.

ನನ್ನ ಆಸೆ ಒಂದೇ. ಚೀಲದ ಮೇಲೆ ಸಾರಜನಕ ಎಷ್ಟು ಅಂತ ಅಚ್ಚು ಹಾಕುವ ಹಾಗೆಯೇ, ಅದನ್ನು ಮಾಡುವಾಗ ಎಷ್ಟು ಇಂಗಾಲ ಹೋಯಿತು ಅಂತಲೂ ಹಾಕಬೇಕು. ಎಲ್ಲ ಯೂರಿಯಾಗೂ ಒಂದೇ ಬೆಲೆ ಇದ್ದರೆ ಯಾವ ಕಾರ್ಖಾನೆ ಚೆನ್ನಾಗಿ ಮಾಡಿದೆ ಅಂತ ರೈತನಿಗೆ ತಿಳಿಯುವುದು ಹೇಗೆ? ಸದ್ಯಕ್ಕೆ ನಮ್ಮ ದಾಸ್ತಾನು ಪುಸ್ತಕದಲ್ಲಿ ನಾನೇ ಎರಡು ಕಲಂ ಗೆರೆ ಎಳೆದಿದ್ದೇನೆ. ಒಂದು ಇಂಗಾಲಕ್ಕೆ, ಇನ್ನೊಂದು ಹಿಂದಿನ ದಿನದ ಮಳೆಗೆ. ಎರಡನೆಯದನ್ನು ಮೇಸ್ತ್ರಿ ತುಂಬುತ್ತಾರೆ, ಬೆಳಿಗ್ಗೆ ಏಳಕ್ಕೆ, ಮಳೆಮಾಪಕ ನೋಡಿ.