ಮಂಡಿ ಆಪರೇಷನ್ ಆದಮೇಲೆ ಮನೆಯಲ್ಲಿ ಮಾಡುವ ವ್ಯಾಯಾಮ: ಮಡಚುವ ಮೊದಲು ನೆಟ್ಟಗಾಗಲಿ

ಮಂಡಿ ಬದಲಾಯಿಸಿಕೊಂಡು ಮನೆಗೆ ಬಂದವರನ್ನು ನೋಡಲು ಬರುವವರೆಲ್ಲ ಕೇಳುವುದು ಒಂದೇ: "ಎಷ್ಟು ಮಡಚೋಕೆ ಆಗ್ತಿದೆ?" ಕಾಲು ಪೂರ್ತಿ ನೆಟ್ಟಗಾಗುತ್ತಿದೆಯೇ ಎಂದು ಕೇಳುವವರು ಕಡಿಮೆ. ಆದರೆ ಮಂಡಿ 10 ಡಿಗ್ರಿ ಬಾಗಿಯೇ ಉಳಿದರೂ ಕಾಲು ಗಿಡ್ಡವಾದಂತಾಗಿ ಕುಂಟು ಬರುತ್ತದೆ, ಸುಮ್ಮನೆ ನಿಂತಾಗಲೂ ತೊಡೆ ದುಡಿದು ಸುಸ್ತಾಗುತ್ತದೆ.

ಇದಕ್ಕೆ ಹೆಚ್ಚಾಗಿ ದಿಂಬೇ ಕಾರಣ. ಊದಿದ ಮಂಡಿಗೆ ತುಸು ಬಾಗಿದ ಭಂಗಿಯಲ್ಲಿ ಬಿಗಿತ ಕಡಿಮೆ, ಹಾಗಾಗಿ ಕೆಳಗೆ ದಿಂಬು ಕೊಟ್ಟರೆ ಹಾಯೆನಿಸುತ್ತದೆ. ರಾತ್ರಿಯಿಡೀ ಹಾಗೇ ಮಲಗಿದರೆ ಹಿಂಬದಿ ಅಲ್ಲೇ ಬಿಗಿದುಕೊಳ್ಳುತ್ತದೆ. ದಿಂಬು ತೆಗೆದು, ಟರ್ಕಿ ಟವೆಲ್ ಸುತ್ತಿ ಹಿಮ್ಮಡಿಯ ಕೆಳಗಿಡಿ. ಮೀನಖಂಡ ಹಾಸಿಗೆಗೆ ತಾಗಬಾರದು, ಬೆರಳುಗಳು ಸೂರು ನೋಡಬೇಕು. 5ರಿಂದ 10 ನಿಮಿಷ, ದಿನಕ್ಕೆ 3–4 ಬಾರಿ.

ಎಚ್ಚರವಿರುವಾಗ ಗಂಟೆಗೊಮ್ಮೆ ಪಾದವನ್ನು ಮೇಲೆ ಕೆಳಗೆ 20 ಸಲ ಆಡಿಸಿ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲು ಇದು ಬೇಕು.

ನಂತರ ತೊಡೆ. ಮಂಡಿಯೊಳಗೆ ನೀರು ತುಂಬಿಕೊಂಡರೆ ತೊಡೆಯ ಸ್ನಾಯುವಿಗೆ ಹೋಗುವ ನರದ ಸಂದೇಶವೇ ತಗ್ಗುತ್ತದೆ, ಬಲವಿದ್ದರೂ ಕಾಲು ಮಾತು ಕೇಳುವುದಿಲ್ಲ. ಕಾಲು ಚಾಚಿ, ಮಂಡಿಯ ಹಿಂಭಾಗವನ್ನು ಹಾಸಿಗೆಗೆ ಒತ್ತಿ 5 ಸೆಕೆಂಡ್ ಹಿಡಿಯಿರಿ. 10 ಸಲದಂತೆ ದಿನಕ್ಕೆ 3 ಸುತ್ತು. ಮಂಡಿಚಿಪ್ಪಿನ ಮೇಲೆ, ಒಳಬದಿಗೆ ಎರಡು ಬೆರಳಿಟ್ಟು ನೋಡಿ: ಸ್ನಾಯು ಗಟ್ಟಿಯಾಗಬೇಕು, ಚಿಪ್ಪು ತೊಡೆಯ ಕಡೆ ಕೊಂಚ ಸರಿಯಬೇಕು. ಹಾಗಾಗದಿದ್ದರೆ ನೀವು ಬಿಗಿಯುತ್ತಿರುವುದು ಪೃಷ್ಠವನ್ನು. ಉಸಿರು ಕಟ್ಟಬೇಡಿ, ಜೋರಾಗಿ ಎಣಿಸಿದರೆ ಅದು ತಾನಾಗಿ ಆಡುತ್ತದೆ.

ಇದು ಬಂದಮೇಲೆ ಇನ್ನೊಂದು ಮಂಡಿ ಮಡಚಿಕೊಂಡು, ಆಪರೇಷನ್ ಆದ ಕಾಲನ್ನು ನೆಟ್ಟಗೆ ಒಂದಡಿ ಎತ್ತಿ, ನಿಧಾನ ಇಳಿಸಿ. ಹಿಮ್ಮಡಿ ಏಳುವ ಮೊದಲೇ ಮಂಡಿ ಜೋತರೆ ಇನ್ನೂ ಸಮಯ ಬಂದಿಲ್ಲ ಎಂದರ್ಥ. ಒತ್ತುವ ವ್ಯಾಯಾಮಕ್ಕೇ ಮರಳಿ.

ಮಡಚುವುದಕ್ಕೆ, ಮಲಗಿ ಹಿಮ್ಮಡಿಯನ್ನು ಪೃಷ್ಠದ ಕಡೆ ಎಳೆದುಕೊಳ್ಳಿ. ಹತ್ತಿ ಹಾಸಿನ ಮೇಲೆ ಹಿಮ್ಮಡಿ ಜಾರುವುದಿಲ್ಲ. ಕೆಳಗೊಂದು ಪ್ಲಾಸ್ಟಿಕ್ ಕವರ್ ಹಾಕಿ. ಕುರ್ಚಿಯಲ್ಲಿ ಕೂತರೆ ಇನ್ನೊಂದು ಪಾದವನ್ನು ಮುಂದಿನಿಂದ ಕೊಟ್ಟು ಹಿಂದಕ್ಕೆ ತಳ್ಳಿ, 10 ಸೆಕೆಂಡ್ ಹಿಡಿಯಿರಿ. ಸೊಂಟ ಮೇಲೆದ್ದರೆ ಆ ಮಡಚುವಿಕೆ ಲೆಕ್ಕಕ್ಕಿಲ್ಲ. ಎರಡನೇ ವಾರಕ್ಕೆ 90 ಡಿಗ್ರಿ, ಆರನೇ ವಾರಕ್ಕೆ 110ರ ಆಸುಪಾಸು ಎಂಬುದು ಸಾಮಾನ್ಯ ಗುರಿ. ಬೇರೆಯವರು ಕಾಲು ಹಿಡಿದು ಒತ್ತಿ ಮಡಚುವುದು, ಹೊಲಿಗೆಯ ಮೇಲೆ ಎಣ್ಣೆ ಹಾಕಿ ನೀವುವುದು ಬೇಡವೇ ಬೇಡ, ಎಷ್ಟೇ ಪ್ರೀತಿಯಿಂದ ಬಂದರೂ.

ನೋವಿನ ಮಾತ್ರೆಯನ್ನು ವ್ಯಾಯಾಮಕ್ಕೆ ಅರ್ಧ ಗಂಟೆ ಮೊದಲು ನುಂಗಿ. ಮುಗಿದಮೇಲೆ ಬಟ್ಟೆ ಸುತ್ತಿದ ಐಸ್ 15 ನಿಮಿಷ. ಮರುದಿನ ಬೆಳಿಗ್ಗೆ ಊತ ಹೆಚ್ಚಿದ್ದರೆ ಸಂಖ್ಯೆ ಅರ್ಧಕ್ಕಿಳಿಸಿ, ನಿಲ್ಲಿಸಬೇಡಿ.

ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ವಾಕರ್ ಬಿಟ್ಟು ಕೋಲು ಹಿಡಿದಾಗ ಅದು ಆಪರೇಷನ್ ಆದ ಕಾಲಿನ ಎದುರು ಬದಿಯ ಕೈಯಲ್ಲಿರಲಿ. ಕಮೋಡ್ ಇಲ್ಲದ ಮನೆಯಲ್ಲಿ ಆಸ್ಪತ್ರೆಯಿಂದ ಬರುವ ಮೊದಲೇ ಕಮೋಡ್ ಕುರ್ಚಿ ತಂದಿಟ್ಟುಕೊಳ್ಳಿ.

ಇದೆಲ್ಲ ಪೂರ್ತಿ ಮಂಡಿ ಬದಲಾಯಿಸಿದವರಿಗೆ. ಲಿಗಮೆಂಟ್ (ಮೂಳೆಗಳನ್ನು ಹಿಡಿದಿಡುವ ಪಟ್ಟಿ) ಅಥವಾ ಮೆನಿಸ್ಕಸ್ (ಮಂಡಿಯ ಮೂಳೆಗಳ ನಡುವಿನ ಮೆತ್ತೆ) ಹೊಲಿಸಿಕೊಂಡವರಿಗೆ ಎಷ್ಟು ಮಡಚಬಹುದು, ಎಷ್ಟು ಭಾರ ಹಾಕಬಹುದು ಎಂಬ ಮಿತಿ ಬೇರೆ. ಅದನ್ನು ಸರ್ಜನ್ ಹೇಳಬೇಕು.

ಮೀನಖಂಡದಲ್ಲಿ ಹೊಸದಾಗಿ ನೋವು, ಊತ ಬಂದರೆ, ಗಾಯದಿಂದ ಕೀವು ಬಂದರೆ, ಜ್ವರ ಏರಿದರೆ ಅಂದೇ ವೈದ್ಯರಿಗೆ ತಿಳಿಸಿ. ಉಸಿರಾಟ ಕಷ್ಟವಾದರೆ, ಎದೆ ನೋವು ಬಂದರೆ ತಡಮಾಡದೆ ತುರ್ತು ಚಿಕಿತ್ಸೆಗೆ ಹೋಗಿ. ಆರು ವಾರ ಕಳೆದರೂ 90 ಡಿಗ್ರಿ ದಾಟದಿದ್ದರೆ "ನಿಧಾನಕ್ಕೆ ಬರುತ್ತೆ" ಎಂದು ಕಾಯದೆ ಸರ್ಜನ್‌ಗೆ ತೋರಿಸಿ. ಅರಿವಳಿಕೆ ಕೊಟ್ಟು ಮಂಡಿಯನ್ನು ಮಡಚಿ ಸಡಿಲಿಸುವ ದಾರಿ ಇದೆ. ಆದರೆ ಮೂರು ತಿಂಗಳು ಕಳೆದಮೇಲೆ ಒಳಗಿನ ಗಾಯದ ಅಂಗಾಂಶ ಗಟ್ಟಿಯಾಗಿ ಅದರ ಫಲ ಕುಗ್ಗುತ್ತದೆ.